ಪೆನ್ಸಿಲ್ ಹಿಡಿದು ಓದಬೇಕಾದ ಪುಸ್ತಕಗಳು: ಗಣಿತದ ಓದು ಶುರುಮಾಡುವವರಿಗೆ

ಸಕಲೇಶಪುರದ ಹತ್ತಿರ ನಮ್ಮ ಅಪ್ಪನ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬ ಇಟ್ಟಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಅದರ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ನೋಡಿ, 1 ಇಂಚು 40 ಸೆಂಟ್ ಎಂದು ಬರೆದಿಡುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ತೋಟದವರಿಗೆ ಈ ಲೆಕ್ಕ ಗೊತ್ತಿರುತ್ತದೆ.

ಒಂದು ಸಲ ಆ ಪುಸ್ತಕ ತಿರುವುತ್ತಾ ಕೇಳಿದೆ: "ಅಪ್ಪ, ಮಾರ್ಚ್ ತಿಂಗಳ ಹೂ ಮಳೆ ಸರಾಸರಿ ಎಷ್ಟು ಬರುತ್ತೆ?"

"ಸರಾಸರಿ ಕಟ್ಕೊಂಡು ಏನ್ ಮಾಡ್ತೀಯ? ಒಂದು ವರ್ಷ ನಾಲ್ಕು ಇಂಚು ಹೊಡೆದು, ಆಮೇಲೆ ಮೂರು ವರ್ಷ ಒಂದು ಹನಿ ಬೀಳದಿದ್ರೂ ಸರಾಸರಿ ಒಂದಿಂಚೇ. ಸರಾಸರಿಗೆ ಕಾಫಿ ಹೂ ಬಿಡಲ್ಲ" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಪಿಯುಸಿ ಮುಗಿಸಿದ ಮೇಲೆ ಇಪ್ಪತ್ತು ವರ್ಷ ನಾನು ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಹಾಸನಕ್ಕೆ ವಾಪಸ್ ಬಂದ ಮೇಲೆ ಒಂದು ಹಳೇ ಪುಸ್ತಕ ತಂದು, ಸರಾಸರಿ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ ಅಂತ ಓದಿದೆ. ಅಲ್ಲಿಂದ ಓದು ನಿಂತಿಲ್ಲ. ಈಗ ಭಾನುವಾರ ನಾವು ನಾಲ್ಕೈದು ಜನ ಸೇರಿ ಓದುತ್ತೇವೆ. ನಮ್ಮಲ್ಲಿ ಗಣಿತದ ಪದವಿ ಇರುವುದು ಒಬ್ಬರಿಗೇ, ಪಕ್ಕದ ಬೀದಿಯ ನಿವೃತ್ತ ಟೀಚರಮ್ಮನಿಗೆ. "ನನಗೂ ಓದಬೇಕು ಅನ್ನಿಸುತ್ತೆ, ಆದರೆ ಎಲ್ಲಿಂದ ಶುರು ಮಾಡೋದು?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ನಿಮ್ಮ ಪ್ರಶ್ನೆ ಹುಡುಕಿಕೊಳ್ಳಿ

"ಒಳ್ಳೆಯ ಗಣಿತದ ಪುಸ್ತಕ ಯಾವುದು?" ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನಿಮಗೆ ಈಗಾಗಲೇ ಇಷ್ಟವಾದದ್ದು ಏನು ಎಂದು ಕೇಳಿಕೊಳ್ಳಿ. ಪುಸ್ತಕ ತಾನಾಗಿ ಸಿಗುತ್ತದೆ.

ಕತೆ ಇಷ್ಟವಾದರೆ ಜೀವನಚರಿತ್ರೆ ಹಿಡಿಯಿರಿ. ರಾಮಾನುಜನ್ ಬಗ್ಗೆ ರಾಬರ್ಟ್ ಕನಿಗೆಲ್ 1991ರಲ್ಲಿ ಬರೆದ 'ದಿ ಮ್ಯಾನ್ ಹೂ ನ್ಯೂ ಇನ್‌ಫಿನಿಟಿ' ದಪ್ಪ ಪುಸ್ತಕ, ಆದರೂ ಓದಿಸಿಕೊಂಡು ಹೋಗುತ್ತದೆ. 1913ರ ಜನವರಿಯಲ್ಲಿ ಮದ್ರಾಸಿನ ಒಬ್ಬ ಗುಮಾಸ್ತ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದ ಕಾಗದ, ಅಲ್ಲಿಂದ ಮುಂದೆ ಆದದ್ದು, 1920ರಲ್ಲಿ 32ನೇ ವಯಸ್ಸಿಗೇ ಅವನು ತೀರಿಕೊಂಡದ್ದು. ಅದರಲ್ಲಿ ಬರುವ ಗಣಿತ ಅರ್ಥವಾಗದಿದ್ದರೂ ಮನುಷ್ಯ ಅರ್ಥವಾಗುತ್ತಾನೆ. ಶುರುವಿಗೆ ಅಷ್ಟು ಸಾಕು.

ಪತ್ತೇದಾರಿ ಕತೆ ಇಷ್ಟವೇ? ಒಂದೇ ಸಮಸ್ಯೆಯ ಬೆನ್ನು ಹತ್ತಿದ ಪುಸ್ತಕಗಳಿವೆ. ಫ್ರಾನ್ಸಿನ ಹಳೆಯ ಗಣಿತಜ್ಞ ಫರ್ಮಾನ ಪ್ರಮೇಯದ ಬಗ್ಗೆ ಸೈಮನ್ ಸಿಂಗ್ ಬರೆದದ್ದು ಆ ಜಾತಿಯದು.

ಒಗಟು ಇಷ್ಟವಾದರೆ ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿ ಇದ್ದಾರೆ. ರಷ್ಯಾದ ಯಾಕೊವ್ ಪೆರೆಲ್ಮನ್ ಇದ್ದಾರೆ. ಸೋವಿಯತ್ ಕಾಲದಲ್ಲಿ ಅಗ್ಗದ ಬೆಲೆಗೆ ಬರುತ್ತಿದ್ದ ಪೆರೆಲ್ಮನ್ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಇರುತ್ತವೆ, ಒಮ್ಮೆ ಹತ್ತಿ ನೋಡಿ. ಮಾರ್ಟಿನ್ ಗಾರ್ಡನರ್ ಅಮೆರಿಕದ ಒಂದು ಪತ್ರಿಕೆಯಲ್ಲಿ ಸುಮಾರು 25 ವರ್ಷ ಗಣಿತದ ಆಟಗಳ ಅಂಕಣ ಬರೆದವರು. ಆ ಅಂಕಣಗಳೆಲ್ಲ ಪುಸ್ತಕಗಳಾಗಿವೆ.

ವ್ಯವಸಾಯ, ವ್ಯಾಪಾರ, ಆಸ್ಪತ್ರೆ ರಿಪೋರ್ಟು, ಚುನಾವಣೆಯ ಅಂಕಿಗಳಲ್ಲಿ ಆಸಕ್ತಿ ಇದ್ದವರು ಸಂಭವನೀಯತೆ, ಸಂಖ್ಯಾಶಾಸ್ತ್ರದ ಸರಳ ಪುಸ್ತಕ ಹಿಡಿಯಬೇಕು. ನನ್ನ ದಾರಿ ಇದು. ಓದಿದ ಮೇಲೆ ಅಪ್ಪನ ಮಳೆ ಪುಸ್ತಕದಿಂದ 21 ವರ್ಷದ ಮಾರ್ಚ್ ಅಂಕಿಗಳನ್ನು ಒಂದು ಹಾಳೆಗೆ ಇಳಿಸಿದೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಸರಿಯಾಗಿ ನಡುವೆ ಬರುವ ಹನ್ನೊಂದನೆಯದಕ್ಕೆ ಗುರುತು ಹಾಕಿದೆ. ಶಾಲೆಯಲ್ಲಿ ಮಧ್ಯಾಂಕ ಎಂದು ಕಲಿತಿದ್ದು ಇದನ್ನೇ. ಅದು ಸರಾಸರಿಗಿಂತ ಸಾಕಷ್ಟು ಕಡಿಮೆ ಇತ್ತು. ಎರಡೋ ಮೂರೋ ವರ್ಷದ ದೊಡ್ಡ ಮಳೆ ಸರಾಸರಿಯನ್ನು ಮೇಲಕ್ಕೆ ಎಳೆದಿತ್ತು. ಹಾಳೆ ನೋಡಿದ ಅಪ್ಪ ಕನ್ನಡಕ ತೆಗೆದು, "ಇದು ಸರಿ" ಅಂದರು. ಅವತ್ತಿನ ಸಂತೋಷವನ್ನು ಇವತ್ತಿಗೂ ಮರೆತಿಲ್ಲ.

2. ನಡುವಿನ ಒಂದು ಪುಟ ಓದಿ ನೋಡಿ

ಕೊಳ್ಳುವ ಮೊದಲು ಪುಸ್ತಕವನ್ನು ನಡುವೆ ತೆರೆದು ಒಂದು ಪುಟ ಓದಿ. ಮುನ್ನುಡಿ ಓದಿ ತೀರ್ಮಾನ ಮಾಡಬೇಡಿ, ಮುನ್ನುಡಿ ಎಲ್ಲ ಪುಸ್ತಕದಲ್ಲೂ ಸಿಹಿಯಾಗೇ ಇರುತ್ತದೆ. ಆ ಪುಟದಲ್ಲಿ ನಿಂತು ಯೋಚಿಸಬೇಕಾದ ಒಂದೆರಡು ಜಾಗ ಇದ್ದು, ಉಳಿದದ್ದು ಸಲೀಸಾಗಿ ಹೋದರೆ ಅದು ನಿಮ್ಮ ಪುಸ್ತಕ. ಪ್ರತಿ ಸಾಲಿಗೂ ತಡವರಿಸಿದರೆ ಮುಂದಿನ ವರ್ಷಕ್ಕೆ ಇಡಿ. ಎಲ್ಲೂ ನಿಲ್ಲಬೇಕಾಗದಿದ್ದರೆ ಅದರಲ್ಲಿ ಗಣಿತದ ಸುತ್ತ ಮಾತು ಇರಬಹುದು, ಗಣಿತ ಕಡಿಮೆ.

ಸಮೀಕರಣ ಕಂಡರೆ ಹೆದರಬೇಡಿ. ಸ್ಟೀಫನ್ ಹಾಕಿಂಗ್ 1988ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕ ತಂದಾಗ, ಒಂದೊಂದು ಸಮೀಕರಣ ಹಾಕಿದಾಗಲೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಎಚ್ಚರಿಸಿದ್ದರಂತೆ. ಅವರು ಐನ್‌ಸ್ಟೈನ್‌ನ ಒಂದೇ ಸಮೀಕರಣ ಉಳಿಸಿಕೊಂಡರು. ಮಾರಾಟಕ್ಕೆ ಆ ಸಲಹೆ ಸರಿ ಇರಬಹುದು, ಓದುಗರಾದ ನಮಗೆ ಅನ್ವಯಿಸುವುದಿಲ್ಲ. ಸಮೀಕರಣ ಅಂದರೆ ಒಂದು ವಾಕ್ಯ. ಅದನ್ನು ಬಾಯಿಬಿಟ್ಟು ಕನ್ನಡದಲ್ಲಿ ಹೇಳಿಕೊಳ್ಳಿ. "ಇದರ ವರ್ಗ, ಅದರ ವರ್ಗ ಎರಡೂ ಕೂಡಿದರೆ ಮೂರನೆಯದರ ವರ್ಗ." ಹೀಗೆ ಹೇಳಿದ ಕೂಡಲೇ ಅರ್ಧ ಭಯ ಹೋಗುತ್ತದೆ.

ಅಂಗಡಿಯಲ್ಲಿ ಗಣಿತ ಎಂದು ಕೇಳಿದರೆ ಬೇಗ ಗುಣಿಸುವ, ಬೇಗ ಭಾಗಿಸುವ ಉಪಾಯಗಳ ಪುಸ್ತಕವನ್ನು ಮೊದಲು ಕೊಡುತ್ತಾರೆ. ಪರೀಕ್ಷೆಗೆ ಓದುವವರಿಗೆ ಅದು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಉಪಾಯ ಯಾಕೆ ಕೆಲಸ ಮಾಡುತ್ತದೆ ಎಂದು ಹೇಳದ ಪುಸ್ತಕ ನಿಮ್ಮ ಕುತೂಹಲಕ್ಕೆ ಊಟ ಹಾಕುವುದಿಲ್ಲ.

3. ಎಲ್ಲಿ ಸಿಗುತ್ತದೆ

ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿದ ಲೈಬ್ರರಿಯಲ್ಲಿ 510ರಿಂದ ಗಣಿತ ಶುರು. ಗಣಿತದ ಒಗಟುಗಳು ಮಾತ್ರ ಅಲ್ಲಿರುವುದಿಲ್ಲ. ಅವು ಆಟಗಳ ಜೊತೆ 793.74ರಲ್ಲಿ ಇರುತ್ತವೆ. ಇದು ಗೊತ್ತಿಲ್ಲದೆ ನಾನು ಎಷ್ಟೋ ತಿಂಗಳು ಒಂದೇ ಕಪಾಟಿನ ಮುಂದೆ ನಿಂತು ವಾಪಸ್ ಬಂದಿದ್ದೇನೆ.

ದುಡ್ಡು ಕೊಡದೆ, ಕಾನೂನುಬದ್ಧವಾಗಿ ಮೊಬೈಲಿಗೆ ಇಳಿಸಿಕೊಳ್ಳಬಹುದಾದ ಹಳೆಯ ಪುಸ್ತಕಗಳೂ ಇವೆ. ಹೆನ್ರಿ ಡ್ಯೂಡ್ನಿ 1917ರಲ್ಲಿ ತಂದ 430 ಒಗಟುಗಳ ಸಂಗ್ರಹ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿದೆ. ಸಿಲ್ವೇನಸ್ ಥಾಂಪ್ಸನ್ 1910ರಲ್ಲಿ ಬರೆದ 'ಕ್ಯಾಲ್ಕ್ಯುಲಸ್ ಮೇಡ್ ಈಸಿ' ಕೂಡ ಅಲ್ಲೇ ಇದೆ. ಪಿಯುಸಿಯಲ್ಲಿ ಕಲನಶಾಸ್ತ್ರ ತಲೆಗೆ ಹೋಗದೆ ಬಿಟ್ಟವರು ಅದರ ಮೊದಲ ಮೂರು ಅಧ್ಯಾಯ ಓದಿ ನೋಡಿ. ನೂರು ವರ್ಷದ ಹಿಂದಿನ ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗಿದೆ.

ಇಂಗ್ಲಿಷ್ ಕಷ್ಟ ಅನ್ನುವವರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಹಳೆಯ ಸಂಚಿಕೆಗಳನ್ನು ಹುಡುಕಿ. ಮಕ್ಕಳ ಪತ್ರಿಕೆ ಎಂದು ಬಿಡಬೇಡಿ. ಇಂಗ್ಲಿಷ್ ಪುಸ್ತಕ ಓದುವಾಗಲೂ ಕೊನೆಯ ಹಾಳೆಯಲ್ಲಿ ಸಣ್ಣ ಪದಪಟ್ಟಿ ಮಾಡಿಕೊಳ್ಳಿ: ಪ್ರೈಮ್ ಅಂದರೆ ಅವಿಭಾಜ್ಯ ಸಂಖ್ಯೆ, ಥಿಯರಂ ಅಂದರೆ ಪ್ರಮೇಯ, ಪ್ರೂಫ್ ಅಂದರೆ ಸಾಧನೆ. ಮೂವತ್ತು ಪದ ಆದರೆ ಅರ್ಧ ಪುಸ್ತಕ ಓದಿದ ಹಾಗೆ. ಗಣಿತದ ಇಂಗ್ಲಿಷ್ ಕತೆ ಕಾದಂಬರಿಯ ಇಂಗ್ಲಿಷಿಗಿಂತ ಸುಲಭ. ಮಾತು ಸಣ್ಣದು, ಅದೇ ಪದ ಮತ್ತೆ ಮತ್ತೆ ಬರುತ್ತದೆ.

4. ಪೆನ್ಸಿಲ್, ಹಾಳೆ, ಒಂದು ಹಿಡಿ ಬೀಜ

ನಾನು ಹೇಳಬೇಕಾದ ಮುಖ್ಯ ಮಾತು ಇದು. ಗಣಿತದ ಪುಸ್ತಕವನ್ನು ಕೈಯಲ್ಲಿ ಪೆನ್ಸಿಲ್ ಇಲ್ಲದೆ ಓದಬೇಡಿ. ಬಸ್ಸಲ್ಲಿ ಜೀವನಚರಿತ್ರೆ ಓದಬಹುದು, ಉಳಿದದ್ದಕ್ಕೆ ಮೇಜು ಬೇಕು. ಒಂದು ಗಂಟೆಗೆ ನಾಲ್ಕು ಪುಟ ಆದರೆ ಅದು ಒಳ್ಳೆಯ ವೇಗ. ಒಂದೇ ಪುಟ ಆದರೂ ತೊಂದರೆ ಇಲ್ಲ.

ಹೇಗೆ ಅಂತ ಒಂದು ಉದಾಹರಣೆ ನೋಡೋಣ. ಬಹಳ ಪುಸ್ತಕಗಳಲ್ಲಿ ಹೀಗೊಂದು ಸಾಲು ಬರುತ್ತದೆ: ಒಂದರಿಂದ ಶುರುಮಾಡಿ ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ಯಾವಾಗಲೂ ಒಂದು ವರ್ಗಸಂಖ್ಯೆ ಬರುತ್ತದೆ. 1 + 3 = 4. 1 + 3 + 5 = 9. 1 + 3 + 5 + 7 = 16. ಸುಮ್ನೆ ಓದಿದರೆ "ಹೌದಾ, ಚೆನ್ನಾಗಿದೆ" ಅಂದು ಪುಟ ತಿರುಗಿಸುತ್ತೀರಿ. ಸಂಜೆಗೆ ಮರೆತುಹೋಗುತ್ತದೆ.

ಅದರ ಬದಲು ಮೊರದ ಮೇಲೆ ಒಂದು ಹಿಡಿ ಕಾಫಿ ಬೀಜ ಹಾಕಿಕೊಳ್ಳಿ. ಹುಣಸೆ ಬೀಜ ಆದರೂ ಆಗುತ್ತದೆ. ಒಂದು ಬೀಜ ಇಡಿ. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಮೂಲೆಗೆ ಒಂದು ಇಡಿ. ಮೂರು ಬೀಜ ಸೇರಿ ಎರಡಕ್ಕೆ ಎರಡರ ಚೌಕ ಆಯಿತು. ಈಗ ಮತ್ತೆ ಬಲಕ್ಕೆ ಎರಡು, ಕೆಳಗೆ ಎರಡು, ಮೂಲೆಗೆ ಒಂದು. ಐದು ಬೀಜ ಸೇರಿ ಮೂರಕ್ಕೆ ಮೂರರ ಚೌಕ. ಪ್ರತಿ ಸಲ ಬಡಗಿಯ ಮೂಲೆಮಟ್ಟದ ಆಕಾರದ ಒಂದು ಪಟ್ಟಿ ಸೇರುತ್ತಿದೆ. ಅದರ ಎರಡು ಕೈಗೂ ಒಂದೊಂದು ಬೀಜ ಜಾಸ್ತಿ ಆಗುವುದರಿಂದ ಪಟ್ಟಿಯಲ್ಲಿ ಹಿಂದಿನದಕ್ಕಿಂತ ಎರಡು ಬೀಜ ಹೆಚ್ಚಿರುತ್ತದೆ. ಮೂರಾದ ಮೇಲೆ ಐದು, ಐದಾದ ಮೇಲೆ ಏಳು. ಅಷ್ಟೇ ವಿಷಯ. ಇನ್ನು ಮುಂದೆ ಮೊದಲ ನೂರು ಬೆಸ ಸಂಖ್ಯೆಗಳ ಮೊತ್ತ ಎಷ್ಟು ಎಂದು ಕೇಳಿದರೆ, ನೂರಕ್ಕೆ ನೂರರ ಚೌಕ ಕಣ್ಣಿಗೆ ಕಾಣುತ್ತದೆ. ಹತ್ತು ಸಾವಿರ ಎಂದು ತಟ್ಟನೆ ಹೇಳುತ್ತೀರಿ.

"ಸುಲಭವಾಗಿ ಕಾಣುತ್ತದೆ" ಎಂದು ಪುಸ್ತಕ ಹೇಳಿದ ಕಡೆಯೆಲ್ಲ ಹೀಗೆ ನಿಂತುಕೊಳ್ಳಿ. ಅಲ್ಲೇ ಬರೆದವರು ಎರಡು ಮೆಟ್ಟಿಲು ಹಾರಿರುತ್ತಾರೆ.

5. ಕನ್ನಡ ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ

ಹೊರಗಿನ ಪುಸ್ತಕಗಳಲ್ಲಿ ಫಿಬೊನಾಚಿ ಸಂಖ್ಯೆಗಳು ಬಂದೇ ಬರುತ್ತವೆ: 1, 2, 3, 5, 8, 13. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಅಲ್ಲಿ ಮೊಲದ ಮರಿಗಳ ಲೆಕ್ಕದಿಂದ ವಿವರಿಸುತ್ತಾರೆ. ನಮಗೆ ಮೊಲ ಬೇಕಿಲ್ಲ, ಹೈಸ್ಕೂಲಿನಲ್ಲಿ ಹಾಕಿದ ಪ್ರಸ್ತಾರ ಸಾಕು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ರೀತಿ ಆಗಬಹುದು? ಲಘು-ಲಘು-ಲಘು, ಲಘು-ಗುರು, ಗುರು-ಲಘು. ಮೂರು ರೀತಿ. ನಾಲ್ಕು ಮಾತ್ರೆಯ ಗಣ? 'ಹಾಸನ' ಎಂದರೆ ಗುರು-ಲಘು-ಲಘು, 'ಕಡೂರು' ಎಂದರೆ ಲಘು-ಗುರು-ಲಘು. ಇನ್ನು ಮೂರು ಉಳಿದಿವೆ, ಒಟ್ಟು ಐದು. ಹಾಗಾದರೆ ಐದು ಮಾತ್ರೆಗೆ? ಬರೆದು ಎಣಿಸುವ ಮೊದಲು ಯೋಚಿಸಿ. ಐದು ಮಾತ್ರೆಯ ಗಣದ ಕೊನೆಯ ಅಕ್ಷರ ಲಘುವೋ ಗುರುವೋ ಆಗಿರಲೇಬೇಕು. 'ಬೇಲೂರು' ಹಾಗೆ ಲಘುವಿನಲ್ಲಿ ಮುಗಿದರೆ, ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ. ಅದು ಐದು ರೀತಿ. ಗುರುವಿನಲ್ಲಿ ಮುಗಿದರೆ ಹಿಂದೆ ಮೂರು ಮಾತ್ರೆ. ಅದು ಮೂರು ರೀತಿ. ಐದೂ ಮೂರೂ ಎಂಟು.

ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರ ಮುಂತಾದವರು ಛಂದಸ್ಸಿನ ಲೆಕ್ಕ ಮಾಡುತ್ತಾ ಈ ಸಂಖ್ಯೆಗಳನ್ನು ಕಂಡಿದ್ದರು. ಇದನ್ನು ಓದಿದ ದಿನ ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿಸಿದರು, ಗಣಿತದ ಮೇಷ್ಟ್ರು ಸರಣಿ ಬರೆಸಿದರು. ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ.

ಇದೇ ದಾರಿಯಲ್ಲಿ ನಮ್ಮ ಹಳೆಯ ಗಣಿತಕ್ಕೂ ಹೋಗಬಹುದು. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಕನ್ನಡ ಅನುವಾದವೂ ಇದೆ. ಗುಣಿಸಿದ ಉತ್ತರ ಕೊರಳ ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಲೆಕ್ಕಗಳು ಅದರಲ್ಲಿವೆ. 142857143ನ್ನು 7ರಿಂದ ಗುಣಿಸಿ ನೋಡಿ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಭಾಸ್ಕರಾಚಾರ್ಯನ 'ಲೀಲಾವತಿ' 1150ರದ್ದು. ಅದರ ಒಂದು ಲೆಕ್ಕವನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಕೆರೆಯ ನೀರಿನ ಮೇಲೆ ಒಂದು ಗೇಣು ಎದ್ದು ನಿಂತ ತಾವರೆ. ಗಾಳಿಗೆ ಬಾಗಿ, ಇದ್ದ ಜಾಗದಿಂದ ಎರಡು ಮೊಳ ದೂರದಲ್ಲಿ ಮುಳುಗಿತು. ನೀರಿನ ಆಳ ಎಷ್ಟು? ಮೊಳಕ್ಕೆ ಎರಡು ಗೇಣು. ಚಿತ್ರ ಬರೆದು, ಪೈಥಾಗೊರಸ್ ಪ್ರಮೇಯ ಹಾಕಿ. ಮೂರೂ ಮುಕ್ಕಾಲು ಮೊಳ ಬಂದರೆ ಸರಿ.

6. ತಡೆದು ನಿಂತಾಗ

ನಿಲ್ಲುತ್ತೀರಿ, ಎಲ್ಲರೂ ನಿಲ್ಲುತ್ತಾರೆ. ಮೂರು ಸಲ ಪ್ರಯತ್ನ ಮಾಡಿ. ಆಗದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ತಾರೀಖು ಬರೆದು ಮುಂದೆ ಹೋಗಿ. ಲೈಬ್ರರಿ ಪುಸ್ತಕ ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಾರ ಬಿಟ್ಟು ವಾಪಸ್ ಬನ್ನಿ. ಎಷ್ಟೋ ಸಲ ಅಡುಗೆ ಮಾಡುವಾಗ, ತೋಟದಲ್ಲಿ ನಡೆಯುವಾಗ ಗಂಟು ಬಿಚ್ಚಿಕೊಂಡಿರುತ್ತದೆ.

ಅಂಚು ಎಂದಾಗ ಫರ್ಮಾ ನೆನಪಾಗುತ್ತಾನೆ. 1637ರ ಹೊತ್ತಿಗೆ ತಾನು ಓದುತ್ತಿದ್ದ ಪುಸ್ತಕದ ಅಂಚಿನಲ್ಲಿ ಒಂದು ಹೇಳಿಕೆ ಬರೆದು, ಇದಕ್ಕೆ ಸೊಗಸಾದ ಸಾಧನೆ ಗೊತ್ತು, ಬರೆಯಲು ಜಾಗ ಸಾಲದು ಎಂದು ಬಿಟ್ಟ. 1963ರಲ್ಲಿ ಕೇಂಬ್ರಿಜ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಹತ್ತು ವರ್ಷದ ಹುಡುಗ ಆಂಡ್ರ್ಯೂ ವೈಲ್ಸ್‌ಗೆ ಈ ಸಮಸ್ಯೆಯ ಬಗ್ಗೆ ಸಾಮಾನ್ಯ ಓದುಗರಿಗೆ ಬರೆದ ಪುಸ್ತಕ ಸಿಕ್ಕಿತು. ಅದೇ ಹುಡುಗ 1993ರಲ್ಲಿ ಸಾಧನೆ ಘೋಷಿಸಿದ. ಅದರಲ್ಲಿ ಒಂದು ತಪ್ಪು ಸಿಕ್ಕಿತು. ಒಂದು ವರ್ಷಕ್ಕೂ ಹೆಚ್ಚು ಒದ್ದಾಡಿ 1994ರಲ್ಲಿ ಸರಿಮಾಡಿದ. 1995ರಲ್ಲಿ ಪ್ರಕಟವಾಯಿತು. ಇದನ್ನು ಓದಿದ ಮೇಲೆ, ನನ್ನ ಪ್ರಶ್ನೆ ಚಿಹ್ನೆಗೆ ಮೂರು ತಿಂಗಳಾದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಪುಸ್ತಕದಲ್ಲಿ ಇದ್ದದ್ದೆಲ್ಲ ನಿಜ ಎಂದೂ ಅಂದುಕೊಳ್ಳಬೇಡಿ. ಚಿನ್ನದ ಅನುಪಾತ ಎಂಬ 1.618 ಎಲ್ಲ ಕಡೆ ಇದೆ, ಎಟಿಎಂ ಕಾರ್ಡಿನಲ್ಲೂ ಇದೆ ಎಂದು ಬರೆಯುವವರಿದ್ದಾರೆ. ಸ್ಕೇಲ್ ತೆಗೆದು ಅಳೆಯಿರಿ. ಉದ್ದ ಸುಮಾರು 85.6 ಮಿ.ಮೀ., ಅಗಲ 54 ಮಿ.ಮೀ. ಭಾಗಿಸಿದರೆ 1.585 ಬರುತ್ತದೆ. ಹತ್ತಿರ ಇದೆ, ಅದೇ ಅಲ್ಲ.

7. ಮನೆಯಲ್ಲಿ ಮಕ್ಕಳಿದ್ದರೆ

ಅವರಿಗೆ ಪುಸ್ತಕ ಕೊಟ್ಟು ಓದು ಅನ್ನಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಒಂದು ಗಾಡಿ ನಂಬರ್ ಹಿಡಿಯಿರಿ. ಕೆಎ 13 ಆದಮೇಲೆ 4518 ಇದೆ ಅಂದುಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 8541, ಚಿಕ್ಕದರಿಂದ ದೊಡ್ಡದಕ್ಕೆ 1458. ಕಳೆದರೆ 7083. ಮತ್ತೆ ಹಾಗೇ ಮಾಡಿ: 8730ರಲ್ಲಿ 0378 ಕಳೆದರೆ 8352. ಮತ್ತೆ: 8532ರಲ್ಲಿ 2358 ಕಳೆದರೆ 6174. ಇನ್ನೊಂದು ಸಲ ಮಾಡಿದರೂ 6174 ಬಿಟ್ಟು ಹೋಗುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಂಬರ್ ತಗೊಂಡರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರುತ್ತದೆ. ಕಂಡುಹಿಡಿದವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್, 1949ರಲ್ಲಿ. ಮುಂದೆ ಮಾರ್ಟಿನ್ ಗಾರ್ಡನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಇದಾದ ಮೇಲೆ ಮಗು ತಾನಾಗಿ "ಇಂಥದ್ದು ಇನ್ನೊಂದು ಹೇಳಿ" ಅನ್ನುತ್ತದೆ. ಆಗ ಪುಸ್ತಕ ಕೊಡಿ.

8. ಜೊತೆಗೆ ಒಬ್ಬರಾದರೂ ಇರಲಿ

ನಾವು ಭಾನುವಾರ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಸೇರುತ್ತೇವೆ, ಮಳೆಗಾಲದಲ್ಲಿ ಯಾರದಾದರೂ ಮನೆಯಲ್ಲಿ. ವಾರಕ್ಕೆ ಹತ್ತೇ ಪುಟ. ಓದಿ ಬಂದವರಲ್ಲಿ ಒಬ್ಬರು, ಓದದೇ ಬಂದವರಿಗೆ ಪುಸ್ತಕ ಮುಚ್ಚಿಟ್ಟು ವಿವರಿಸಬೇಕು. ಎಲ್ಲಿ ಮಾತು ತಡವರಿಸಿತೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಟೀಚರಮ್ಮ ಉತ್ತರ ಹೇಳುವುದಿಲ್ಲ, "ಸಣ್ಣ ಸಂಖ್ಯೆ ಹಾಕಿ ನೋಡ್ರೀ" ಅನ್ನುತ್ತಾರೆ ಅಷ್ಟೇ. ಮುಕ್ಕಾಲು ಪಾಲು ಕಷ್ಟ ಅಷ್ಟರಲ್ಲೇ ಬಗೆಹರಿಯುತ್ತದೆ.

ರೇಖಾಗಣಿತದ ಪುಸ್ತಕ ಮುಗಿಸಿದ ವರ್ಷ ನಾವೆಲ್ಲ ಬೇಲೂರಿಗೆ ಹೋದೆವು. ನೀವೂ ಹೋಗಿ, ಹಾಸನದಿಂದ 40 ಕಿ.ಮೀ. ಹೋಗುವ ಮೊದಲು ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ ಹಾಳೆಯ ಮೇಲಿಡಿ. ಸುತ್ತ ಗೆರೆ ಎಳೆಯಿರಿ. 45 ಡಿಗ್ರಿ ತಿರುಗಿಸಿ ಮತ್ತೆ ಎಳೆದರೆ ಎಂಟು ಮೊನೆಯ ನಕ್ಷತ್ರ. 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಎಳೆದರೆ ಹದಿನಾರು ಮೊನೆ. ಹೊಯ್ಸಳ ಗುಡಿಗಳ ನಕ್ಷತ್ರದ ತಳವಿನ್ಯಾಸಕ್ಕೆ ಹೀಗೆ ತಿರುಗಿಸಿದ ಚೌಕವೇ ಮೂಲ. ಆ ಹಾಳೆಯನ್ನು ಜೊತೆಗೆ ಒಯ್ಯಿರಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಜಗತಿ ಹತ್ತಿ, ಗರ್ಭಗುಡಿಯ ಹೊರಗೋಡೆಯ ಪಕ್ಕದಲ್ಲಿ ನಿಧಾನವಾಗಿ ನಡೆಯಿರಿ. ಶಿಲ್ಪಗಳನ್ನು ಆಮೇಲೆ ನೋಡಬಹುದು, ಮೊದಲು ಮೂಲೆಗಳನ್ನು ಎಣಿಸಿ. ಎರಡು ಸಲ ಎಣಿಸಿದರೆ ಎರಡು ಉತ್ತರ ಬರಬಹುದು. ನಮಗೂ ಬಂತು, ಹಾಳೆಯಲ್ಲಿ ಗುರುತು ಹಾಕುತ್ತಾ ಮೂರನೇ ಸುತ್ತು ಹೊಡೆಯಬೇಕಾಯಿತು. ಬೆಳಿಗ್ಗೆ ಬೇಗ ಹೋಗಿ, ಕಾಲುಚೀಲ ಇಟ್ಟುಕೊಳ್ಳಿ. ಹನ್ನೊಂದು ಗಂಟೆಯ ಮೇಲೆ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಎಣಿಸಲು ಆಗುವುದಿಲ್ಲ.